ಬೆಕ್ಕಿನ ಮರಿಗೆ ಹಾಲಲ್ಲ, ನೀರು

ಬೆಕ್ಕಿನ ಮರಿಗೆ ನೀರು ಕುಡಿಸುವುದನ್ನೂ ಲೇಖನ ಓದಿ ಕಲಿಯಬೇಕೇ ಎಂದು ಈ ಸ್ಮರಣ ಸಂಚಿಕೆಯ ಓದುಗರಲ್ಲಿ ಕೆಲವರು ನಗಬಹುದು. ಮೂರು ವರ್ಷಗಳ ಹಿಂದಿನ ಒಂದು ಭಾನುವಾರದ ಬೆಳಗಿನವರೆಗೆ ನಾವೂ ಹಾಗೆಯೇ ನಗುತ್ತಿದ್ದವರು. ಹಾಸನದ ಕಡೆಯ ಹಳ್ಳಿಮನೆಯಲ್ಲಿ ಬೆಳೆದ ನಮಗೆ ಬೆಕ್ಕು ಹೊಸದಲ್ಲ. ಅದು ಅಟ್ಟದ ಮೇಲೆ ಮರಿ ಹಾಕುತ್ತಿತ್ತು, ಮರಿಗಳು ತಮ್ಮಷ್ಟಕ್ಕೆ ತಾವೇ ದೊಡ್ಡವಾಗುತ್ತಿದ್ದವು. ಎಲ್ಲ ಮರಿಗಳೂ ದೊಡ್ಡವಾಗುತ್ತಿರಲಿಲ್ಲ ಎಂಬುದು ಈಗ ನೆನಪಾಗುತ್ತದೆ. ಆಗ ಅದರ ಲೆಕ್ಕ ಇಟ್ಟವರು ಯಾರೂ ಇಲ್ಲ.

ಫೆಲ್ಥಮ್‌ನ ನಮ್ಮ ಮನೆಗೆ ಒಂದು ಶುಕ್ರವಾರ ಸಂಜೆ ಒಂಬತ್ತು ವಾರದ ಹೆಣ್ಣು ಮರಿಯೊಂದು ಬಂತು. ಬಣ್ಣ ಅಚ್ಚು ಬೆಲ್ಲದ್ದು, ಹಾಗಾಗಿ ಹೆಸರೂ ಬೆಲ್ಲ. ಮಗಳು ಅದನ್ನು ಅಡುಗೆಮನೆಯ ತಕ್ಕಡಿಯ ಮೇಲೆ ಕೂರಿಸಿ ತೂಗಿ, 910 ಗ್ರಾಂ ಎಂದು ಆಟಕ್ಕಾಗಿ ಕ್ಯಾಲೆಂಡರಿನಲ್ಲಿ ಬರೆದಳು. ನಾವು ಒಂದು ಬಟ್ಟಲಿನಲ್ಲಿ ಒಣ ತಿಂಡಿ, ಪಕ್ಕದಲ್ಲೇ ಇನ್ನೊಂದು ಬಟ್ಟಲಿನಲ್ಲಿ ನೀರು ಇಟ್ಟೆವು. ಊರಿನಿಂದ ಬಂದಿದ್ದ ಅಮ್ಮನಿಗೆ ಇದು ಹಿಡಿಸಲಿಲ್ಲ. "ಹಸುಗೂಸು ಕಣೋ ಅದು, ಹಾಲು ಕೊಡದೆ ಗಟ್ಟಿ ಕಾಳು ಹಾಕ್ತೀರಲ್ಲೋ" ಎಂದು ಹಾಲು ಬೆಚ್ಚಗೆ ಮಾಡಿ ತಟ್ಟೆಗೆ ಸುರಿದರು. ಬೆಲ್ಲ ತಟ್ಟೆಯನ್ನು ನೆಕ್ಕಿ ಹೊಳಪು ಮಾಡಿತು. ನಮಗೂ ನೋಡಲು ಚೆನ್ನಾಗಿತ್ತು, ರಾತ್ರಿ ನಾವೇ ಇನ್ನೊಂದು ತಟ್ಟೆ ಕೊಟ್ಟೆವು.

ಶನಿವಾರ ಅದಕ್ಕೆ ನಾಲ್ಕು ಸಲ ಭೇದಿಯಾಯಿತು. ಹೊಸ ಜಾಗ, ಸರಿಹೋಗುತ್ತದೆ ಅಂದುಕೊಂಡೆವು. ನೀರಿನ ಬಟ್ಟಲು ಇಟ್ಟಷ್ಟೇ ತುಂಬಿಕೊಂಡಿದ್ದನ್ನು ಯಾರೂ ಗಮನಿಸಲಿಲ್ಲ. ಭಾನುವಾರ ಬೆಳಿಗ್ಗೆ ಅದು ರೇಡಿಯೇಟರಿನ ಕೆಳಗೆ ಮುದುಡಿ ಮಲಗಿತ್ತು, ಕರೆದರೂ ಏಳಲಿಲ್ಲ. ವಾರದ ಕೊನೆಯಲ್ಲಿ ವೆಟ್ ಬಳಿ ಹೋದರೆ ಶುಲ್ಕ ದುಪ್ಪಟ್ಟಾದೀತು, ಸೋಮವಾರ ನೋಡಿದರಾಯಿತು ಎಂದು ನಾವು ಮಾತಾಡಿಕೊಳ್ಳುತ್ತಿದ್ದಾಗ ಮಗಳು ಮತ್ತೆ ತೂಗಿದಳು. 840 ಗ್ರಾಂ.

910ರಲ್ಲಿ 70 ಎಂದರೆ ನೂರಕ್ಕೆ ಏಳೂವರೆಗಿಂತ ಹೆಚ್ಚು. 65 ಕೆ.ಜಿ. ತೂಗುವ ಮನುಷ್ಯ ಒಂದೂವರೆ ದಿನದಲ್ಲಿ 5 ಕೆ.ಜಿ. ಇಳಿದ ಹಾಗೆ. ಕೊಬ್ಬು ಅಷ್ಟು ಬೇಗ ಕರಗುವುದಿಲ್ಲ, ಹೋಗಿದ್ದು ಬಹುಪಾಲು ನೀರು. ಲೆಕ್ಕ ಕಣ್ಣಿಗೆ ಬಿದ್ದ ಮೇಲೆ ಶುಲ್ಕದ ಮಾತು ನಿಂತಿತು. ವೆಟ್ ಅದರ ಒಸಡು ಮುಟ್ಟಿ ನೋಡಿದರು, ಹೆಗಲಿನ ಮೇಲಿನ ಚರ್ಮವನ್ನು ಎತ್ತಿ ಬಿಟ್ಟರು. ಎತ್ತಿದ ಚರ್ಮ ತಟ್ಟನೆ ಇಳಿಯದೆ ನಿಧಾನವಾಗಿ ಇಳಿಯಿತು. ಚರ್ಮದ ಅಡಿಗೆ ಸಲೈನ್ ಕೊಟ್ಟಾಗ ಎರಡು ಭುಜಗಳ ನಡುವೆ ಒಂಟೆಯ ಡುಬ್ಬದಂತೆ ಉಬ್ಬಿತು, ಕೆಲವು ಗಂಟೆಗಳಲ್ಲಿ ದೇಹ ಅದನ್ನೆಲ್ಲ ಹೀರಿಕೊಂಡಿತು. ಸೋಮವಾರದವರೆಗೆ ಕಾಯುವ ಯೋಚನೆಯಿತ್ತೆಂದು ನಾವು ಒಪ್ಪಿಕೊಂಡೆವು. ಇಷ್ಟು ಚಿಕ್ಕ ಮರಿಗೆ ಒಂದು ದಿನ ಬಹಳ ದೊಡ್ಡದು ಎಂದಷ್ಟೇ ಅವರು ಹೇಳಿದರು.

ನಮ್ಮ ಫೆಲ್ಥಮ್ ನೀರಿಗೆ ಬರ ಬಂದ ಊರಲ್ಲ. ಒಂದನೇ ಚಾರ್ಲ್ಸ್ ದೊರೆ ತನ್ನ ಹ್ಯಾಂಪ್ಟನ್ ಕೋರ್ಟ್ ಅರಮನೆಗೆ ನೀರು ತರಲು 1638-39ರಲ್ಲಿ ತೋಡಿಸಿದ ಲಾಂಗ್‌ಫರ್ಡ್ ಕಾಲುವೆ ಇಂದಿಗೂ ಈ ಊರನ್ನು ಹಾದು ಹರಿಯುತ್ತದೆ. ಅಂಥ ಊರಿನಲ್ಲಿ, ತುಂಬಿದ ಬಟ್ಟಲಿನ ಪಕ್ಕದಲ್ಲಿಯೇ ಒಂದು ಮರಿ ನೀರಿಲ್ಲದೆ ಸೊರಗಿದ್ದು ಹೇಗೆ? ಆಮೇಲೆ ಓದಿ ತಿಳಿದುಕೊಂಡದ್ದನ್ನು ಇಲ್ಲಿ ಹೇಳುತ್ತೇವೆ.

ಮೊದಲನೆಯದಾಗಿ, ಬೆಕ್ಕು ಮರುಭೂಮಿಯ ಮೂಲದ ಪ್ರಾಣಿ. 2007ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನವು ಸಾಕುಬೆಕ್ಕುಗಳ ಮೂಲವನ್ನು ಪಶ್ಚಿಮ ಏಷ್ಯಾದ ಕಾಡುಬೆಕ್ಕಿನಲ್ಲಿ ಗುರುತಿಸಿತು. ನೀರು ವಿರಳವಾದ ಕಡೆ ಬದುಕಿದ ಈ ಪ್ರಾಣಿಯ ಮೂತ್ರಪಿಂಡ ನಮ್ಮದಕ್ಕಿಂತ ಬಹಳ ಗಟ್ಟಿಯಾದ ಮೂತ್ರವನ್ನು ಮಾಡಿ ನೀರು ಉಳಿಸುತ್ತದೆ. ಬಾಯಾರಿಕೆಯ ಅರಿವು ಮಾತ್ರ ಮಂದ. ನಾಯಿ ಓಡಿಬಂದು ಲೊಚಲೊಚನೆ ಕುಡಿಯುತ್ತದೆ. ಬೆಕ್ಕು ಹಾಗಲ್ಲ, ಅದಕ್ಕೆ ನೀರು ಬರುತ್ತಿದ್ದುದೇ ಬೇಟೆಯ ಒಳಗಿನಿಂದ. ಇಲಿಯ ದೇಹದಲ್ಲಿ ಹೆಚ್ಚುಕಡಿಮೆ ನೂರಕ್ಕೆ 70 ಭಾಗ ನೀರು.

ಇದನ್ನು ಓದಿದಾಗ ನಮ್ಮ ಹಳ್ಳಿಮನೆ ಹೊಸದಾಗಿ ಅರ್ಥವಾಯಿತು. ನೀರು ಕೊಡುವುದರಲ್ಲಿ ನಮ್ಮ ಹಿರಿಯರು ಜಿಪುಣರಲ್ಲ. ದಾರಿಹೋಕರಿಗೆ ಅರವಟ್ಟಿಗೆ, ದನಕರುಗಳಿಗೆ ಕಲ್ಲುಬಾನಿಯ ತುಂಬ ಕಲಗಚ್ಚು. ಲಂಡನ್ನಿನಲ್ಲೂ 1859ರಲ್ಲಿ ಬಡವರಿಗೆ ಕುಡಿಯುವ ನೀರಿನ ಚಿಲುಮೆ ಕಟ್ಟಿಸಲು ಆರಂಭವಾದ ಸಂಘವೊಂದು 1867ರಲ್ಲಿ ದನಗಳ ತೊಟ್ಟಿಯನ್ನೂ ತನ್ನ ಹೆಸರಿಗೇ ಸೇರಿಸಿಕೊಂಡಿತು. ಅದು ಇಡಿಸಿದ ಉದ್ದನೆಯ ಕಲ್ಲಿನ ತೊಟ್ಟಿಗಳಲ್ಲಿ ಈಗ ಹೂಗಿಡ ಬೆಳೆಸಿರುವುದನ್ನು ನೀವೂ ನೋಡಿರಬಹುದು. ಆದರೆ ಬೆಕ್ಕಿಗೆಂದು ನೀರಿಟ್ಟದ್ದನ್ನು ನಾವು ಊರಿನಲ್ಲಿ ಕಂಡದ್ದೇ ಇಲ್ಲ. ಇಡುವ ಅಗತ್ಯ ಬೀಳುತ್ತಿರಲಿಲ್ಲ. ಕಣಜದ ಇಲಿಯೇ ಅದರ ಅನ್ನ, ಇಲಿಯೇ ಅದರ ನೀರು. ಮೇಲೆ ಒಂದು ಹಿಡಿ ಮೊಸರನ್ನ. ಫೆಲ್ಥಮ್‌ನ ಮನೆಯಲ್ಲಿ ಇಲಿಯೂ ಇಲ್ಲ, ಕಣಜವೂ ಇಲ್ಲ. ಅದರ ಜಾಗದಲ್ಲಿ ನಾವು ಇಟ್ಟದ್ದು ಒಣ ಕಾಳು.

ಈಗ ಸ್ವಲ್ಪ ಲೆಕ್ಕ. ದೊಡ್ಡ ಬೆಕ್ಕಿಗೆ ದಿನಕ್ಕೆ ಪ್ರತಿ ಕೆ.ಜಿ. ತೂಕಕ್ಕೆ ಸುಮಾರು 50ರಿಂದ 60 ಮಿ.ಲೀ. ನೀರು ಬೇಕು, ಆಹಾರದಲ್ಲಿರುವ ನೀರೂ ಇದರಲ್ಲಿ ಸೇರಿದೆ. ಬೆಳೆಯುವ ಮರಿಗೆ ಪ್ರತಿ ಕೆ.ಜಿ.ಗೆ ಇನ್ನೂ ಹೆಚ್ಚು. 85 ಗ್ರಾಂನ ಹಸಿ ಆಹಾರದ ಒಂದು ಪೌಚ್ ತೆಗೆದುಕೊಳ್ಳಿ. ಅದರ ಮೇಲೆ ತೇವಾಂಶ ನೂರಕ್ಕೆ 80 ಎಂದು ಮುದ್ರಿಸಿದ್ದರೆ ಒಳಗಿರುವುದು 68 ಮಿ.ಲೀ. ನೀರು, ಅಂದರೆ ನಾಲ್ಕೂವರೆ ದೊಡ್ಡ ಚಮಚ. ಅದೇ 50 ಗ್ರಾಂ ಒಣ ಆಹಾರದಲ್ಲಿ ತೇವಾಂಶ ನೂರಕ್ಕೆ 8 ಇದ್ದರೆ ಸಿಗುವುದು 4 ಮಿ.ಲೀ., ಒಂದು ಟೀ ಚಮಚವೂ ತುಂಬುವುದಿಲ್ಲ. ಉಳಿದದ್ದನ್ನೆಲ್ಲ ಮರಿ ತಾನಾಗಿ ಬಟ್ಟಲಿಗೆ ಹೋಗಿ ಕುಡಿಯಬೇಕು, ಅದೂ ಬಾಯಾರಿಕೆ ಮಂದವಾದ ಪ್ರಾಣಿ. ಒಣ ಆಹಾರ ವಿಷವೇನಲ್ಲ, ದರವೂ ಕಡಿಮೆ. ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಲ್ಲಿ ಹಗಲಿಗೆ ಅದೇ ಅನುಕೂಲ. ಆದರೆ ಬೆಳಿಗ್ಗೆ, ಸಂಜೆ ಹಸಿ ಆಹಾರ ಕೊಡಿ, ಅದಕ್ಕೆ ಒಂದೆರಡು ಚಮಚ ಉಗುರುಬೆಚ್ಚಗಿನ ನೀರು ಕಲಸಿ. ಬೆಕ್ಕಿಗೆ ನೀರು ಕುಡಿಸುವುದಕ್ಕಿಂತ ತಿನ್ನಿಸುವುದು ಸುಲಭ.

ಇನ್ನು ಹಾಲಿನ ವಿಷಯ. ಇದನ್ನು ಅಮ್ಮನಿಗೆ ಒಪ್ಪಿಸುವುದು ವೆಟ್ ಶುಲ್ಕಕ್ಕಿಂತ ಕಷ್ಟವಾಯಿತು. ಹಾಲಿನಲ್ಲಿ ಲ್ಯಾಕ್ಟೋಸ್ ಎಂಬ ಸಕ್ಕರೆಯಿದೆ. ತಾಯಿಯ ಮೊಲೆ ಬಿಟ್ಟ ಮೇಲೆ ಬಹುತೇಕ ಬೆಕ್ಕುಗಳಲ್ಲಿ ಅದನ್ನು ಜೀರ್ಣಿಸುವ ಶಕ್ತಿ ಕುಗ್ಗುತ್ತದೆ. ಜೀರ್ಣವಾಗದ ಸಕ್ಕರೆ ಕರುಳಿನಲ್ಲಿ ಉಳಿದು ದೇಹದ ನೀರನ್ನು ತನ್ನೆಡೆಗೆ ಎಳೆಯುತ್ತದೆ, ಭೇದಿಯಾಗುತ್ತದೆ. ಹಸುವಿನ ಹಾಲಿನಲ್ಲಿ ಮುಕ್ಕಾಲಿಗೂ ಹೆಚ್ಚು ಪಾಲು ನೀರೇ ಇದ್ದರೂ, ಭೇದಿಯಾದ ಮರಿಗೆ ಕೊನೆಯಲ್ಲಿ ನಷ್ಟವೇ. ಜಂತುಹುಳು, ಹಠಾತ್ ಆಹಾರ ಬದಲಾವಣೆಯಿಂದಲೂ ಹೀಗಾಗಬಹುದು, ಬೆಲ್ಲನಿಗೆ ಎಲ್ಲವೂ ಸ್ವಲ್ಪ ಸ್ವಲ್ಪ ಕೂಡಿರಬಹುದು ಎಂದು ವೆಟ್ ಹೇಳಿದ್ದರು. ಕೃಷ್ಣದೇವರಾಯ ಕೊಟ್ಟ ಬೆಕ್ಕಿಗೆ ತೆನಾಲಿ ರಾಮಕೃಷ್ಣ ಕುದಿಯುವ ಹಾಲಿಟ್ಟು, ಅದು ಹಾಲು ಕಂಡರೆ ಓಡುವಂತೆ ಮಾಡಿದ ಕಥೆ ನಮಗೆಲ್ಲ ಗೊತ್ತು. ಬಾಯಿ ಸುಟ್ಟದ್ದೊಂದು ಬಿಟ್ಟರೆ ಆ ಬೆಕ್ಕೇ ಪುಣ್ಯವಂತ ಎಂದು ಈಗ ಅನ್ನಿಸುತ್ತದೆ.

ನಾಲ್ಕು ವಾರ ತುಂಬದ ಅನಾಥ ಮರಿಯ ಮಾತು ಬೇರೆ. ಅದಕ್ಕೆ ನೀರೂ ಸಾಲದು, ಹಸುವಿನ ಹಾಲೂ ಸಲ್ಲದು. ಬೆಕ್ಕಿನ ಮರಿಗೆಂದೇ ಮಾಡಿದ ಪುಡಿ ಹಾಲು ಸಿಗುತ್ತದೆ, ಅದನ್ನು ಹೊಟ್ಟೆ ಕೆಳಗಾಗಿಸಿ ಕುಡಿಸಬೇಕು, ಕೂಸಿನಂತೆ ಅಂಗಾತ ಮಲಗಿಸಿ ಅಲ್ಲ. ತೋಟದಲ್ಲಿ ಇಂಥ ಮರಿಗಳು ಕಂಡರೆ ತಕ್ಷಣ ಎತ್ತಿಕೊಳ್ಳದೆ ತಾಯಿ ಹತ್ತಿರದಲ್ಲಿದೆಯೇ ಎಂದು ಮೊದಲು ದೂರದಿಂದ ನೋಡಿ.

ಮರಿಯ ದೇಹದಲ್ಲಿ ನೀರು ಕಡಿಮೆಯಾಗಿದೆಯೇ ಎಂದು ತಿಳಿಯಲು ತುಟಿ ಎತ್ತಿ ಒಸಡಿನ ಮೇಲೆ ಬೆರಳಿಡಿ. ಒದ್ದೆಯಾಗಿ ಜಾರಬೇಕು, ಅಂಟಿದರೆ ಒಳ್ಳೆಯದಲ್ಲ. ಚರ್ಮ ಎತ್ತಿ ಬಿಡುವ ಪರೀಕ್ಷೆ ತೀರಾ ಎಳೆಯ ಮರಿಗಳಲ್ಲಿ ನಂಬುವಂಥದ್ದಲ್ಲ. ಕಣ್ಣು ಗುಳಿಬೀಳುವ ಹೊತ್ತಿಗೆ ಬಹಳ ತಡವಾಗಿರುತ್ತದೆ. ಇವೆಲ್ಲಕ್ಕಿಂತ ನಮಗೆ ನಂಬಿಕೆ ತಕ್ಕಡಿಯ ಮೇಲೆ. ಈ ವಯಸ್ಸಿನ ಮರಿ ವಾರಕ್ಕೆ ಸುಮಾರು 100 ಗ್ರಾಂ ಬೆಳೆಯಬೇಕು. ಚಪಾತಿ ಹಿಟ್ಟು ತೂಗುವ ತಕ್ಕಡಿಯೇ ಸಾಕು (ಮೇಲೊಂದು ಬಟ್ಟಲಿಡಿ, ಹಿಟ್ಟಿನವರಿಗೂ ಸಮಾಧಾನ). ದಿನವೂ ಒಂದೇ ಹೊತ್ತಿಗೆ ತೂಗಿ ಬರೆದಿಡಿ. ತೂಕ ನಿಂತರೆ ಎಚ್ಚರ. ತೂಕ ಇಳಿದು, ಜೊತೆಗೆ ವಾಂತಿ ಅಥವಾ ಭೇದಿಯೂ ಇದ್ದು, ಮರಿ ಮಂಕಾಗಿ ಊಟ ಬಿಟ್ಟರೆ ಅಂದೇ ವೆಟ್‌ಗೆ ಫೋನ್ ಮಾಡಿ. ಊಟ ಬಿಟ್ಟ ಮರಿಯ ರಕ್ತದಲ್ಲಿ ಸಕ್ಕರೆಯೂ ಬೇಗ ಇಳಿಯುತ್ತದೆ. ಕುಸಿದ ಮರಿಯ ಬಾಯಿಗೆ ಒತ್ತಾಯದಿಂದ ನೀರು ಹಾಕಬೇಡಿ, ಶ್ವಾಸಕೋಶಕ್ಕೆ ಹೋದೀತು. ಮಕ್ಕಳಿಗೆ ಕೊಡುವ ಪ್ಯಾರಾಸಿಟಮಾಲ್ ಅಂತೂ ಬೆಕ್ಕಿಗೆ ಪ್ರಾಣಾಂತಕ, ಒಂದು ಹನಿಯೂ ಬೇಡ. ಹಣದ ಅಡಚಣೆ ಇದ್ದರೆ ಸಂಕೋಚಪಡದೆ ಕೇಳಿ. 1917ರಲ್ಲಿ ಮರಿಯಾ ಡಿಕಿನ್ ಲಂಡನ್ನಿನ ವೈಟ್‌ಚಾಪೆಲ್‌ನಲ್ಲಿ ಬಡವರ ಪ್ರಾಣಿಗಳಿಗಾಗಿ ತೆರೆದ ಚಿಕಿತ್ಸಾಲಯದಿಂದ ಬೆಳೆದ ಪಿಡಿಎಸ್ಎ ಸಂಸ್ಥೆ, ಅರ್ಹ ಕುಟುಂಬಗಳಿಗೆ ಉಚಿತವಾಗಿ ಅಥವಾ ಕಡಿಮೆ ದರದಲ್ಲಿ ಚಿಕಿತ್ಸೆ ಕೊಡುತ್ತದೆ.

ನಮ್ಮ ಅಡುಗೆಮನೆಗಳಿಗೇ ಅನ್ವಯಿಸುವ ಮಾತೊಂದಿದೆ. ನೀರಿನಂಶ ಸೇರಲಿ ಎಂದು ಸಾರು, ಹುಳಿ ಹಾಕಬೇಡಿ. ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ, ಬೇಯಿಸಿದರೂ ಅಷ್ಟೇ. ಮಾಂಸಾಹಾರಿಗಳು ಉಪ್ಪು, ಮಸಾಲೆ, ಈರುಳ್ಳಿ ಏನೂ ಇಲ್ಲದೆ ಕೋಳಿ ಬೇಯಿಸಿದ ನೀರನ್ನು ಆರಿಸಿ ಕೊಡಬಹುದು. ವರಮಹಾಲಕ್ಷ್ಮಿ ಹಬ್ಬಕ್ಕೆ ಸೂಪರ್‌ಮಾರ್ಕೆಟ್ಟಿನಿಂದ ತರುವ ಹೂಗೊಂಚಲಿನಲ್ಲಿ ಲಿಲಿ ಇದ್ದರೆ ಬೆಕ್ಕಿರುವ ಮನೆಗೆ ಬೇಡವೇ ಬೇಡ. ಎಲೆ, ಪರಾಗ ಅಷ್ಟೇ ಅಲ್ಲ, ಆ ಹೂದಾನಿಯ ನೀರು ಕುಡಿದರೂ ಮೂತ್ರಪಿಂಡ ಕೆಡುತ್ತದೆ. ಚಳಿಗಾಲದಲ್ಲಿ ಕಾರಿನಿಂದ ಸೋರಿದ ಆಂಟಿಫ್ರೀಜ್ ಕೂಡ ಹಾಗೆಯೇ.

ಬೇಸಿಗೆಯನ್ನೂ ಹಗುರವಾಗಿ ಕಾಣಬೇಡಿ. 2022ರ ಜುಲೈ 19ರಂದು ನಮ್ಮ ನೆರೆಯ ಹೀಥ್ರೂನಲ್ಲಿ 40.2 ಡಿಗ್ರಿ ದಾಖಲಾಯಿತು. ಅಂಥ ದಿನ ನೆರಳು, ತಣ್ಣೀರು ಎರಡೂ ಬೇಕು. ಬೆಕ್ಕು ನಾಯಿಯಂತೆ ಬಾಯಿ ತೆರೆದು ಏದುಸಿರು ಬಿಟ್ಟರೆ ಅದು ಅಪಾಯದ ಸೂಚನೆ. ದೊಡ್ಡದಾದ ಗಂಡು ಬೆಕ್ಕು ತಟ್ಟೆಯಲ್ಲಿ ಮತ್ತೆ ಮತ್ತೆ ಕುಳಿತು ತಿಣುಕಿದರೂ ಮೂತ್ರ ಬಾರದಿದ್ದರೆ ಮೂತ್ರನಾಳ ಕಟ್ಟಿರಬಹುದು, ಬೆಳಗಾಗಲೆಂದು ಕಾಯುವಂತಿಲ್ಲ.

ಬಟ್ಟಲಿನ ವಿಷಯದಲ್ಲಿ ಪ್ರತಿ ಬೆಕ್ಕಿಗೂ ತನ್ನದೇ ಹಟ. ಅಗಲವಾದ, ಆಳವಿಲ್ಲದ ಪಿಂಗಾಣಿ ಬಟ್ಟಲನ್ನು ಹಲವು ಬೆಕ್ಕುಗಳು ಮೆಚ್ಚುತ್ತವೆ. ಊಟದ ಬಟ್ಟಲಿನಿಂದಲೂ ಲಿಟ್ಟರ್ ಟ್ರೇಯಿಂದಲೂ ದೂರ, ಮನೆಯಲ್ಲಿ ಎರಡು ಮೂರು ಕಡೆ ಇಡಿ. ನೀರನ್ನು ದಿನವೂ ಬದಲಿಸಿ, ಇಲ್ಲಿನ ಗಡಸು ನೀರಿನಿಂದ ಅಂಚಿಗೆ ಕೂರುವ ಬಿಳಿ ಪೊರೆಯನ್ನು ಉಜ್ಜಿ ತೊಳೆಯಿರಿ. ನಲ್ಲಿಯ ನೀರೇ ಸಾಕು, ಬಾಟಲಿ ನೀರಿನ ಖರ್ಚು ಬೇಡ. ನಾವು ಮನೆಯ ನಾಲ್ಕು ಮೂಲೆಯಲ್ಲೂ ಬಟ್ಟಲಿಟ್ಟು ನೋಡಿದೆವು. ಬೆಲ್ಲ ಎಲ್ಲವನ್ನೂ ಮೂಸಿ ನೋಡಿ, ದೇವರ ಮುಂದಿನ ಪಂಚಪಾತ್ರೆಗೆ ಹೋಗಿ ಬಾಯಿ ಹಾಕಿತು. ಮೊದಲ ದಿನ ಅಮ್ಮ ಗದರಿದರು. ಮರುದಿನ ದೇವರಿಗೆ ಬೇರೆ ಪಂಚಪಾತ್ರೆ ಇಟ್ಟು, ಹಳೆಯದನ್ನು ಕಿಟಕಿಯ ಪಕ್ಕ ಕೆಳಗಿಟ್ಟರು. ಈಗ ಊರಿನಿಂದ ಫೋನ್ ಮಾಡಿದಾಗಲೂ ಅದು ಅಲ್ಲಿಯೇ ಇದೆಯೇ, ನೀರು ಹಾಕಿದ್ದೀರಾ ಎಂದು ಕೇಳುತ್ತಾರೆ.