ಒಬ್ಬೊಂಟಿ ಮನೆಯ ಅಡಿಗೆ

ದೀಪಾವಳಿ ಮುಗಿಯುವ ಹೊತ್ತಿಗೆ ನಮ್ಮ ಜತ್ತ ಭಾಗದ ಹಳ್ಳಿಗಳಿಂದ ಕಬ್ಬು ಕಡಿಯುವವರ ಟೋಳಿಗಳು ಹೊರಡುತ್ತವೆ. ಗಂಡ, ಹೆಂಡತಿ, ಸಣ್ಣ ಮಕ್ಕಳು, ಎತ್ತು, ಎಲ್ಲವೂ ಕಾರಖಾನೆಯ ದಾರಿ ಹಿಡಿಯುತ್ತವೆ. ಮನೆಯಲ್ಲಿ ಒಬ್ಬ ಮುದುಕಿಯೋ ಒಬ್ಬ ಮುದುಕನೋ ಉಳಿಯುವುದುಂಟು. ಕಳೆದ ಹಂಗಾಮಿನಲ್ಲಿ ನಮ್ಮ ನೆರೆಯ ಆಯಿಯನ್ನು ನಾವು ಕೇಳಿದೆವು: “ಊಟ ಆತೇನ್ರಿ ಆಯಿ?”

“ಆತಪ್ಪ ಮಾಸ್ತರ, ರೊಟ್ಟಿ-ಖಾರ ಉಂಡೆ. ಒಬ್ಬಾಕಿಗೆ ಏನು ಒಲಿ ಹಚ್ಚೂದು?”

ಎರಡು ತಿಂಗಳಲ್ಲಿ ಆಯಿಯ ಕಾಲು ಸೋತವು. ಬಾವಿಯಿಂದ ಕೊಡ ತರುವಾಗ ತಲೆ ಸುತ್ತಿ ಕೂತುಬಿಟ್ಟಳು. ಮನೆಯಲ್ಲಿ ಕಾಳಿನ ಡಬ್ಬಿ ತುಂಬಿಯೇ ಇತ್ತು, ಬಾಯಿ ತೆರೆದಿರಲಿಲ್ಲ. ಇದು ಬಡತನದ ಹಸಿವೆಯಲ್ಲ, ಒಬ್ಬೊಂಟಿತನದ ಹಸಿವೆ. ಇದಕ್ಕೆ ಉಪಾಯವುಂಟು, ಹೆಚ್ಚಿನ ಖರ್ಚೂ ಇಲ್ಲ.

ರೊಟ್ಟಿ-ಖಾರ ಏಕೆ ಸಾಲದು?

ಜೋಳ ಒಳ್ಳೆಯ ಧಾನ್ಯವೇ. ಆದರೆ ಮೈಕಟ್ಟುವ ಸತ್ವವಾದ ಪ್ರೋಟೀನಿನಲ್ಲಿ ಲೈಸೀನ್ ಎಂಬ ಒಂದು ಘಟಕ ಜೋಳದಲ್ಲಿ ಕಡಿಮೆ. ಅದೇ ಘಟಕ ಹೆಸರು, ಮಡಿಕೆ, ತೊಗರಿ, ಕಡಲೆಗಳಲ್ಲಿ ಧಾರಾಳ. ರೊಟ್ಟಿಗೆ ಕಾಳು ಜೊತೆಯಾದಾಗ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಸೊಪ್ಪು ಕಬ್ಬಿಣಾಂಶವನ್ನೂ ಜೀವಸತ್ವಗಳನ್ನೂ ಕೊಡುತ್ತದೆ. ಮೇಲೆ ನಾಲ್ಕು ಹನಿ ಲಿಂಬೆರಸ ಹಿಂಡಿದರೆ ಆ ಕಬ್ಬಿಣಾಂಶ ಮೈಗೆ ಚೆನ್ನಾಗಿ ಹತ್ತುತ್ತದೆ. ಉಂಡ ಕೂಡಲೇ ಚಹಾ ಕುಡಿದರೆ ಅದು ಮೈಗೆ ಹತ್ತುವುದು ಕಡಿಮೆಯಾಗುತ್ತದೆ. ಆದುದರಿಂದ ಊಟಕ್ಕೂ ಚಹಾಕ್ಕೂ ನಡುವೆ ಒಂದು ತಾಸು ಬಿಡತಕ್ಕದ್ದು.

ಒಬ್ಬರಿಗೆ ಎಷ್ಟು ಬೇಕು?

ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು 2024ರಲ್ಲಿ ಆಹಾರದ ಸೂತ್ರಗಳನ್ನು ಹೊರಡಿಸಿದೆ. ದಿನಕ್ಕೆ 2000 ಕ್ಯಾಲರಿ ಬೇಕಾದವರಿಗೆ ಸುಮಾರು 250 ಗ್ರಾಂ ಧಾನ್ಯ, 85 ಗ್ರಾಂ ಕಾಳು-ಬೇಳೆ, 400 ಗ್ರಾಂ ಸೊಪ್ಪು-ತರಕಾರಿ ಎಂದು ಅದರಲ್ಲಿ ಹೇಳಿದೆ. ಉಪ್ಪು ದಿನಕ್ಕೆ 5 ಗ್ರಾಂ ಮೀರಬಾರದು. ಮೈಮುರಿದು ದುಡಿಯುವವರಿಗೆ ಧಾನ್ಯ ಹೆಚ್ಚು ಬೇಕು. ಕುಳಿತಿರುವ ಮುದುಕರಿಗೆ ಕಡಿಮೆ ಸಾಕು. ಕಾಳು ಮಾತ್ರ ಮುಪ್ಪಿನಲ್ಲಿಯೂ ಕಡಿಮೆಯಾಗಬಾರದು. ಎರಡು ಹಿಡಿ ಕಾಳು ಹೆಚ್ಚುಕಡಿಮೆ ಈ ಅಳತೆಗೆ ಬರುತ್ತದೆ. ಒಮ್ಮೆ ತೂಗಿ ನೋಡಿಕೊಳ್ಳಿರಿ.

ಕಬ್ಬಿನ ಹಂಗಾಮು ಐದು ತಿಂಗಳೆಂದು ಹಿಡಿಯೋಣ. ಆಗ ಒಬ್ಬರಿಗೆ ಕಾಳು-ಬೇಳೆ 13 ಕಿಲೋ, ಜೋಳ 38 ಕಿಲೋ ಬೇಕಾಗುತ್ತದೆ. ಸ್ವಸ್ತ ಧಾನ್ಯದ ಅಂಗಡಿಯ ಗೋಧಿ, ಅಕ್ಕಿ ಬರುತ್ತಿದ್ದರೆ ಜೋಳದಲ್ಲಿ ಅಷ್ಟು ಕಡಿಮೆ ಮಾಡಬಹುದು. ಟೋಳಿಗೆ ಹೊರಡುವ ಮಕ್ಕಳು ಇದನ್ನು ಅಳೆದು, ಬಿಸಿಲಿಗೆ ಒಣಗಿಸಿ, ಬೇರೆ ಬೇರೆ ಡಬ್ಬಿಗಳಲ್ಲಿ ತುಂಬಿಟ್ಟು ಹೋಗಲಿ. ಮುದುಕರ ಕೈಗೆ ರೊಕ್ಕ ಕೊಟ್ಟು ಹೋದರೆ ಅದು ಬಿಸ್ಕೀಟು, ಫರಸಾಣಕ್ಕೆ ಹೋಗುವುದೇ ಹೆಚ್ಚು.

ಒಂದೇ ಒಲೆ, ಮೂರು ಹೊತ್ತು

ಒಬ್ಬರಿಗಾಗಿ ದಿನಕ್ಕೆ ಮೂರು ಸಲ ಒಲೆ ಹಚ್ಚುವುದು ಬೇಡ. ಕೆಲಸವನ್ನು ಹೀಗೆ ಹಂಚಿಕೊಳ್ಳಬೇಕು.

1. ವಾರಕ್ಕೊಮ್ಮೆ: ಜೋಳವನ್ನು ಒಂದು ವಾರಕ್ಕೆ ಸಾಕಾಗುವಷ್ಟೇ ಬೀಸಿಸಬೇಕು, ಹಳೆಯ ಹಿಟ್ಟಿಗೆ ಜಿಗಿ ಇರುವುದಿಲ್ಲ. ಒಂದು ದಿನ ಕೂತು ತೆಳುವಾದ ರೊಟ್ಟಿ ಬಡಿದು, ಕಟಕ ಮಾಡಿ, ಬಟ್ಟೆಯಲ್ಲಿ ಸುತ್ತಿಡಬೇಕು. ಹಲ್ಲಿಲ್ಲದವರು ಅದನ್ನು ಮುರಿದು ಬಿಸಿ ಸಾರಿನಲ್ಲಿ ನೆನೆಹಾಕಿ ಉಣ್ಣಲಿ. ರೊಟ್ಟಿ ಬಡಿಯಲು ಬಾರದ ಗಂಡಸರು ಜೋಳದ ನುಚ್ಚು ಕುದಿಸಿಕೊಂಡು ಮಜ್ಜಿಗೆಯೊಡನೆ ಉಣ್ಣಬಹುದು. ಶೇಂಗಾ ಹಿಂಡಿ, ಅಗಸಿ ಹಿಂಡಿಗಳನ್ನೂ ಅಂದೇ ಕುಟ್ಟಿಡಬೇಕು. ಬೂಸು ಹಿಡಿದ ಶೇಂಗಾ ವಿಷ, ಅದನ್ನು ಚೆಲ್ಲಿಬಿಡಬೇಕು.

2. ಸಾಯಂಕಾಲ: ಎರಡು ಹಿಡಿ ಕಾಳು ನೆನೆಹಾಕಬೇಕು. ಬೆಳಿಗ್ಗೆ ನೀರು ಬಸಿದು ಒದ್ದೆ ಬಟ್ಟೆಯಲ್ಲಿ ಕಟ್ಟಿದರೆ ಮರುದಿನಕ್ಕೆ ಹೆಸರು, ಮಡಿಕೆ ಮೊಳಕೆಯೊಡೆಯುತ್ತವೆ. ಮೊಳಕೆ ಕಾಳು ಬೇಗ ಬೇಯುತ್ತದೆ, ಉರುವಲು ಉಳಿಯುತ್ತದೆ.

3. ಬೆಳಿಗ್ಗೆ: ಒಮ್ಮೆ ಒಲೆ ಹಚ್ಚಿ ಕಾಳನ್ನೂ ಪಲ್ಯವನ್ನೂ ರಾತ್ರಿಯವರೆಗೆ ಸಾಲುವಷ್ಟು ಮಾಡಬೇಕು. ಉಳಿದದ್ದನ್ನು ಮರುದಿನಕ್ಕೆ ಇಡಬಾರದು. ಹುಳಿಯ ಪದಾರ್ಥವನ್ನು ಕಲಾಯಿ ಇಲ್ಲದ ಹಿತ್ತಾಳೆ, ತಾಮ್ರದ ಪಾತ್ರೆಯಲ್ಲಿ ಇಡಲೇಬಾರದು.

ಬಾಗಿಲ ಮುಂದಿನ ಮಡಿ

400 ಗ್ರಾಂ ತರಕಾರಿಯನ್ನು ದಿನವೂ ಕೊಂಡು ತರುವುದು ಆಗದ ಮಾತು. ಹತ್ತು ಫೂಟು ಉದ್ದ, ನಾಲ್ಕು ಫೂಟು ಅಗಲದ ಒಂದು ಮಡಿ ಮಾಡಿ, ಅದನ್ನು ನಾಲ್ಕು ಪಾಲು ಮಾಡಿರಿ. ವಾರಕ್ಕೊಂದು ಪಾಲಿನಲ್ಲಿ ಮೆಂತೆ, ಪಾಲಕ, ರಾಜಗಿರಿ, ಸಬ್ಬಸಗಿ ಹೀಗೆ ಬಿತ್ತುತ್ತ ಹೋಗಬೇಕು. ಮೆಂತೆ ಸುಮಾರು ಒಂದು ತಿಂಗಳಲ್ಲಿ ಕೈಗೆ ಬರುತ್ತದೆ. ಕೊನೆಯ ಪಾಲು ಬಿತ್ತಿ ಸುಮಾರು ಒಂದು ವಾರವಾಗುವ ಹೊತ್ತಿಗೆ ಮೊದಲ ಪಾಲು ಕೊಯ್ಲಿಗೆ ಬರುತ್ತದೆ. ಕಾಳು, ಅಕ್ಕಿ ತೊಳೆದ ನೀರನ್ನು ಇದಕ್ಕೇ ಹಾಕಬೇಕು. ಸಾಬೂನಿನ ನೀರು ಬೇಡ.

ಹೊಲದಲ್ಲಿಯೂ ಪಲ್ಯ ಇದೆ. ಹಿಂಗಾರಿ ಜೋಳದ ಸಾಲಿನಲ್ಲಿ ಹಕ್ಕರಕಿ ಪುಕ್ಕಟೆ ಬೆಳೆಯುತ್ತದೆ. ಅದನ್ನು ತೊಳೆದು ಹಸಿಯಾಗಿಯೇ ತಿನ್ನಬಹುದು. ಕಡಲೆ ಬಿತ್ತಿ ಒಂದು ತಿಂಗಳಾದ ಮೇಲೆ ಕುಡಿ ಚಿವುಟಿದರೆ ಗಿಡಕ್ಕೆ ಟೊಂಗೆ ಹೆಚ್ಚುತ್ತವೆ, ಮನೆಗೆ ಪಲ್ಯವೂ ಆಗುತ್ತದೆ. ಔಷಧ ಹೊಡೆದ ಹೊಲದ ಸೊಪ್ಪನ್ನು ಮಾತ್ರ ಮುಟ್ಟಬಾರದು.

ಏಳು ದಿನದ ಪಾಳಿ

ಸೋಮವಾರ: ಮೊಳಕೆ ಮಡಿಕೆ ಪಲ್ಯ, ರೊಟ್ಟಿ, ಹಸಿ ಉಳ್ಳಾಗಡ್ಡಿ.
ಮಂಗಳವಾರ: ಹೆಸರುಬೇಳೆ ಹಾಕಿದ ಮೆಂತೆ ಪಲ್ಯ, ರೊಟ್ಟಿ.
ಬುಧವಾರ: ತೊಗರಿಬೇಳೆ, ಜೋಳದ ನುಚ್ಚು ಹಾಕಿದ ಪುಂಡಿಪಲ್ಯ.
ಗುರುವಾರ: ಝುಣಕ, ರೊಟ್ಟಿ, ಹಕ್ಕರಕಿ.
ಶುಕ್ರವಾರ: ಅಕ್ಕಿ-ಹೆಸರಿನ ಖಿಚಡಿ, ಗಜ್ಜರಿ, ಮಜ್ಜಿಗೆ.
ಶನಿವಾರ: ಕಡಲೆ ಕುಡಿಯ ಪಲ್ಯ, ಬೇಳೆಸಾರು, ಸಜ್ಜೆ ರೊಟ್ಟಿ.
ರವಿವಾರ: ಅಲಸಂದಿ ಸಾರು, ಶೇಂಗಾ ತುಂಬಿದ ಬದನೆಕಾಯಿ, ತಿನ್ನುವವರಿಗೆ ಒಂದು ತತ್ತಿ.

ಇದು ವ್ರತದ ಕಟ್ಟಲ್ಲ, ಕೈಯಲ್ಲಿ ಇದ್ದುದರಿಂದ ಅದಲುಬದಲು ಮಾಡಿಕೊಳ್ಳಬಹುದು. ಹಾಲು, ಮೊಸರು ಸಿಕ್ಕ ದಿನ ಬಿಡಬಾರದು. ಸಂತೆಯ ದಿನ ಪೇರಲವೋ ಬಾರಿಹಣ್ಣೋ ತಂದುಕೊಳ್ಳಬೇಕು. ಸಕ್ಕರೆ ಕಾಯಿಲೆ, ಮೂತ್ರಪಿಂಡದ ಕಾಯಿಲೆ ಇದ್ದವರು ಡಾಕ್ಟರರು ಹೇಳಿದ ಪಥ್ಯವನ್ನೇ ನಡೆಸತಕ್ಕದ್ದು.

ಕೊನೆಗೆ ಒಂದು ಮಾತು. ಒಂದೇ ಓಣಿಯಲ್ಲಿ ಇಂಥ ಇಬ್ಬರಿದ್ದರೆ ಪಾಳಿ ಹಚ್ಚಿಕೊಳ್ಳಲಿ: ಇಂದು ಒಬ್ಬರ ಒಲೆ, ನಾಳೆ ಇನ್ನೊಬ್ಬರದು. ನಮ್ಮ ಆಯಿಗೂ ಎದುರುಮನೆಯ ಮುದುಕಿಗೂ ನಾವು ಇದನ್ನೇ ಹೇಳಿದೆವು. ಮೊದಲು ಇಬ್ಬರೂ ನಕ್ಕರು. ಸಂಕ್ರಾಂತಿಯ ಹೊತ್ತಿಗೆ ಆಯಿಯೇ ಕಟ್ಟೆಯ ಮೇಲಿಂದ ಕೂಗಿದಳು: “ಮಾಸ್ತರ, ಬಾರಪ್ಪ, ಮಡಿಕಿಪಲ್ಯ ಮಾಡೇನಿ. ಉಂಡು ಹೋಗು.”

ಒಬ್ಬರೇ ಇದ್ದರೂ ಹೊಟ್ಟೆ ಹೊಟ್ಟೆಯೇ. ಇಂದು ಸಾಯಂಕಾಲವೇ ಎರಡು ಹಿಡಿ ಕಾಳು ನೆನೆಹಾಕಿರಿ.