ಹಿತ್ತಲ ಗೋಣಿ ಸೊಪ್ಪು: ಯಾರು ತಿನ್ನಬಹುದು, ಯಾರು ಕೇಳಿ ತಿನ್ನಬೇಕು



ಮನೆಗೆ ಹೊರಡುವ ದಿನ ಬಹಳ ಜನ ಕೇಳುವ ಪ್ರಶ್ನೆ, "ಸಿಸ್ಟರ್, ಊಟಕ್ಕೆ ಏನು ಮಾಡಿ ಹಾಕೋಣ?" ಎಂದು. ಸೊಪ್ಪು, ತರಕಾರಿ ಕೊಡಿ ಎಂದರೆ ಸಂತೆಯ ಬೆಲೆ ನೆನಪಾಗಿ ಮುಖ ಸಣ್ಣದಾಗುತ್ತದೆ. ಆದ್ದರಿಂದ ಈ ಸಲ ಕಾಸಿಲ್ಲದೆ ಸಿಗುವ ಗೋಣಿ ಸೊಪ್ಪಿನ ವಿಷಯ ತಿಳಿಯೋಣ. ಕೆಲವು ಕಡೆ ಇದನ್ನು ಗೋಳಿ ಪಲ್ಲೆ ಎನ್ನುತ್ತಾರೆ. ಸಸ್ಯಶಾಸ್ತ್ರದ ಹೆಸರು ಪೋರ್ಚುಲಾಕಾ ಒಲೆರೇಸಿಯಾ.

ಮಳೆ ಬಿದ್ದ ಮೇಲೆ ಹಿತ್ತಲಲ್ಲಿ, ಹೊಲದ ಸಾಲಿನಲ್ಲಿ ನೆಲಕ್ಕೆ ಅಂಟಿಕೊಂಡಂತೆ ಹರಡುವ ಗಿಡವಿದು. ಕಾಂಡ ದಪ್ಪ, ನುಣುಪು, ಸ್ವಲ್ಪ ಕೆಂಪು. ಎಲೆ ರಸ ತುಂಬಿ ದಪ್ಪಗಿದ್ದು ತುದಿ ದುಂಡಗಿರುತ್ತದೆ. ಚಿಕ್ಕ ಹಳದಿ ಹೂವು ಬಿಸಿಲಿಗೆ ಅರಳಿ ಸ್ವಲ್ಪ ಹೊತ್ತಿನಲ್ಲೇ ಮುಚ್ಚಿಕೊಳ್ಳುತ್ತದೆ. ಹೀಗೆಯೇ ನೆಲಕ್ಕೆ ಹರಡುವ ಇನ್ನೊಂದು ಕಳೆ ಇದೆ. ಕಾಂಡ ಮುರಿದರೆ ಬಿಳಿ ಹಾಲು ಬರುತ್ತದೆ. ಅದನ್ನು ತಿನ್ನಬಾರದು. ಗೋಣಿ ಸೊಪ್ಪಿನ ಕಾಂಡ ಮುರಿದರೆ ಬರುವುದು ನೀರಿನಂಥ ರಸ ಮಾತ್ರ. ಕಿತ್ತಾಗಲೆಲ್ಲ ಮುರಿದು ನೋಡುವುದನ್ನು ರೂಢಿ ಮಾಡಿಕೊಳ್ಳಿ. ಚರಂಡಿ ಪಕ್ಕ, ಕಳೆನಾಶಕ ಅಥವಾ ಕೀಟನಾಶಕ ಹೊಡೆದ ಜಾಗ, ದನ ಕಟ್ಟುವ ಜಾಗದ ಸೊಪ್ಪು ಬೇಡ.

100 ಗ್ರಾಂ ಹಸಿ ಸೊಪ್ಪಿನಲ್ಲಿ ಸುಮಾರು 2 ಗ್ರಾಂ ಪ್ರೋಟೀನು, 65 ಮಿಲಿಗ್ರಾಂ ಸುಣ್ಣದಂಶ, 2 ಮಿಲಿಗ್ರಾಂ ಕಬ್ಬಿಣದಂಶ, 20 ಮಿಲಿಗ್ರಾಂ ಸಿ ಜೀವಸತ್ವ ಇವೆ. ಸೊಪ್ಪುಗಳಲ್ಲಿ ಅಪರೂಪವೆನ್ನುವಷ್ಟು ಒಮೇಗಾ-3 ಕೊಬ್ಬಿನಂಶವೂ ಇದರಲ್ಲಿದೆ. ನಾರಿರುವುದರಿಂದ ಮಲಬದ್ಧತೆ ಇರುವವರಿಗೆ ಹಿತ. ಆದರೆ ರಕ್ತಹೀನತೆಗೆ ಇದೊಂದೇ ಸಾಕೆಂದು ಮಾತ್ರೆ ಬಿಡಬೇಡಿ. ಗರ್ಭಿಣಿಯರಿಗೆ ಸರ್ಕಾರದಿಂದ ಕೊಡುವ ಒಂದು ಕಬ್ಬಿಣದ ಮಾತ್ರೆಯಲ್ಲಿ 60 ಮಿಲಿಗ್ರಾಂ ಇರುತ್ತದೆ. ಅಷ್ಟನ್ನು ಈ ಸೊಪ್ಪಿನಿಂದ ಪಡೆಯಲು ದಿನಕ್ಕೆ 3 ಕಿಲೋ ತಿನ್ನಬೇಕಾದೀತು!

ಅಡುಗೆ ಸುಲಭ. ಬೇರು ತೆಗೆದು, ಮಣ್ಣು ಹೋಗುವಂತೆ ಮೂರು ನಾಲ್ಕು ನೀರಿನಲ್ಲಿ ತೊಳೆದು, ಎಳೆ ಕಾಂಡವನ್ನೂ ಸೇರಿಸಿ ಹೆಚ್ಚಿ. ತೊಗರಿಬೇಳೆಯೊಂದಿಗೆ ಬೇಯಿಸಿ, ಹಸಿಮೆಣಸಿನಕಾಯಿ, ಜೀರಿಗೆ ಹಾಕಿ ಮಸೆದು, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟರೆ ಮಸ್ಸೊಪ್ಪು ಆಯಿತು; ಮುದ್ದೆಗೆ ಚೆನ್ನಾಗಿರುತ್ತದೆ. ಸೊಪ್ಪೇ ಹುಳಿ ಇರುವುದರಿಂದ ಹುಣಸೆಹಣ್ಣು ಕಡಿಮೆ ಸಾಕು. ಈ ಗಿಡ ನೀರು ಕಡಿಮೆಯಾದಾಗ ರಾತ್ರಿ ಹೊತ್ತು ಹುಳಿ ಕೂಡಿಟ್ಟುಕೊಂಡು ಹಗಲಲ್ಲಿ ಬಳಸಿಕೊಳ್ಳುತ್ತದೆ. ಆದ್ದರಿಂದ ಬೆಳಿಗ್ಗೆ ಕಿತ್ತ ಸೊಪ್ಪು ಹೆಚ್ಚು ಹುಳಿ, ಸಂಜೆಯದು ಕಡಿಮೆ. ಹುಳಿ ಸೇರದ ವಯಸ್ಸಾದವರಿಗೆ ಸಂಜೆ ಕಿತ್ತು ಮಾಡಿ ನೋಡಿ.

ಇನ್ನು ಮುಖ್ಯ ವಿಷಯ. ಮೂತ್ರ ಉರಿ ಎಂದೊಡನೆ ಹಿತ್ತಲಿಗೆ ಹೋಗಿ ಈ ಸೊಪ್ಪಿನ ಹಸಿ ರಸ ಹಿಂಡಿ ಲೋಟಗಟ್ಟಲೆ ಕುಡಿಸುವ ಪದ್ಧತಿ ಕೆಲವು ಮನೆಗಳಲ್ಲಿದೆ. ತಂಪು ಎಂಬ ನಂಬಿಕೆ. ಆದರೆ ಮೂತ್ರ ಉರಿಗೆ ಸೋಂಕು ಕಾರಣವಿರಬಹುದು, ಕಲ್ಲೂ ಕಾರಣವಿರಬಹುದು. ಗೋಣಿ ಸೊಪ್ಪಿನಲ್ಲಿ ಪಾಲಕ್‌ನಂತೆ ಆಕ್ಸಲೇಟ್ ಬಹಳ. ಮೂತ್ರಪಿಂಡದ ಕಲ್ಲುಗಳಲ್ಲಿ ಹೆಚ್ಚಿನವು ಕ್ಯಾಲ್ಸಿಯಂ ಆಕ್ಸಲೇಟ್‌ನಿಂದಲೇ ಆಗುವಂಥವು. ಕಲ್ಲಿರುವವರಿಗೆ ಈ ರಸ ಕುಡಿಸಿದರೆ ಔಷಧಿ ಎಂದು ಕೊಟ್ಟದ್ದೇ ಕಲ್ಲಿಗೆ ಗೊಬ್ಬರವಾದೀತು. ಉರಿ ಇದ್ದರೆ ನೀರು ಚೆನ್ನಾಗಿ ಕುಡಿಸಿ (ಡಾಕ್ಟರು ನೀರಿಗೆ ಮಿತಿ ಹೇಳಿಲ್ಲದಿದ್ದರೆ), ಮೂತ್ರ ಪರೀಕ್ಷೆ ಮಾಡಿಸಿ. ಗರ್ಭಿಣಿಯರಿಗೂ ಹಸಿ ರಸ ಬೇಡ, ಅಡುಗೆಯಲ್ಲಿ ಮಿತವಾಗಿ ಸಾಕು.

ಡಯಾಲಿಸಿಸ್ ಮಾಡಿಸಿಕೊಳ್ಳುವವರು, ಕ್ರಿಯಾಟಿನಿನ್ ಹೆಚ್ಚಿರುವವರು ಇನ್ನೂ ಎಚ್ಚರವಾಗಿರಬೇಕು. 100 ಗ್ರಾಂ ಸೊಪ್ಪಿನಲ್ಲಿ ಸುಮಾರು 490 ಮಿಲಿಗ್ರಾಂ ಪೊಟ್ಯಾಸಿಯಂ ಇದೆ. ಸೊಪ್ಪು ಬೆಂದರೆ ಹಿಡಿಯಷ್ಟಾಗುವುದರಿಂದ ಒಂದು ಬಟ್ಟಲಲ್ಲಿ ಎಷ್ಟು ತಿಂದೆವೆಂದು ತಿಳಿಯುವುದಿಲ್ಲ. ಮೂತ್ರಪಿಂಡ ಹೊರಹಾಕಲಾರದ ಪೊಟ್ಯಾಸಿಯಂ ರಕ್ತದಲ್ಲಿ ಏರಿದರೆ ಹೃದಯದ ಬಡಿತವೇ ಏರುಪೇರಾಗುತ್ತದೆ. ಹೆಚ್ಚು ನೀರಿನಲ್ಲಿ ಬೇಯಿಸಿ ಬಸಿದರೆ ಪೊಟ್ಯಾಸಿಯಂ, ಆಕ್ಸಲೇಟ್ ಎರಡೂ ಸ್ವಲ್ಪ ಮಟ್ಟಿಗೆ ನೀರಿಗೆ ಇಳಿಯುತ್ತವೆ. ಆದರೆ ನಮ್ಮ ಬಸ್ಸಾರಿನಲ್ಲಿ ಆ ಬಸಿದ ನೀರೇ ಸಾರು! ಮನೆಯವರೆಲ್ಲ ಉಣ್ಣಲಿ, ಮೂತ್ರಪಿಂಡದ ರೋಗಿಗೆ ಆ ಸಾರು ಬಡಿಸಬೇಡಿ. ಪಲ್ಯವನ್ನೂ ಡಾಕ್ಟರನ್ನು ಕೇಳಿಯೇ ಕೊಡಿ.

ಆರೋಗ್ಯವಂತರು ವಾರಕ್ಕೆ ಒಂದೆರಡು ಸಲ ತಿನ್ನಲು ಅಂಜಬೇಕಿಲ್ಲ. ಜೊತೆಗೆ ಮೊಸರು, ಮಜ್ಜಿಗೆ ಇರಲಿ. ಮೊಸರಿನ ಸುಣ್ಣದಂಶ ಆಕ್ಸಲೇಟನ್ನು ಹೊಟ್ಟೆಯಲ್ಲೇ ಹಿಡಿದು ಮಲದೊಂದಿಗೆ ಹೊರಗೆ ಸಾಗಿಸುತ್ತದೆ. ಬೇಯಿಸಿ ಬಸಿದ ಸೊಪ್ಪಿನ ಮೊಸರುಬಜ್ಜಿ ಮಾಡುವ ನಮ್ಮ ಅಜ್ಜಿಯರ ಕ್ರಮ ಸರಿಯಾಗಿಯೇ ಇದೆ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಅಥವಾ ಅಸಿಟ್ರೋಮ್ ಮಾತ್ರೆ ತೆಗೆದುಕೊಳ್ಳುವವರು ಯಾವ ಸೊಪ್ಪನ್ನೂ ಒಂದು ವಾರ ರಾಶಿ, ಇನ್ನೊಂದು ವಾರ ಇಲ್ಲವೇ ಇಲ್ಲ ಎಂಬಂತೆ ತಿನ್ನಬಾರದು.

ಬೇಸಿಗೆಯ ಬೆವರುಸಾಲೆಗೆ ತೊಳೆದ ಸೊಪ್ಪನ್ನು ಅರೆದು ಹತ್ತು ನಿಮಿಷ ಹಚ್ಚಿ ತೊಳೆದರೆ ತಂಪೆನಿಸುತ್ತದೆ. ತುರಿಕೆ ಹೆಚ್ಚಾದರೆ ಬಿಟ್ಟುಬಿಡಿ. ಚರ್ಮ ಒಡೆದ ಕಡೆ ಯಾವ ಸೊಪ್ಪೂ ಬೇಡ. ಸುಟ್ಟ ಗಾಯಕ್ಕೆ ಮೊದಲು 20 ನಿಮಿಷ ಹರಿಯುವ ತಣ್ಣೀರು. ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣಿಗೆ ಸೊಪ್ಪು ಅರೆದು ಕಟ್ಟುವುದಂತೂ ಖಂಡಿತ ಬೇಡ. ಸ್ಪರ್ಶ ಕಡಿಮೆಯಾದ ಕಾಲಿಗೆ ನೋವೇ ತಿಳಿಯದು. ಎಲೆಯ ಮಣ್ಣಿನ ಜೊತೆ ಕ್ರಿಮಿ ಒಳಗೆ ಸೇರಿ, ವಾಸನೆ ಬಂದ ಮೇಲೆ ಕಟ್ಟು ಬಿಚ್ಚಿ ನೋಡುವಷ್ಟರಲ್ಲಿ ಬೆರಳು ಉಳಿಸುವುದೇ ಕಷ್ಟವಾಗುತ್ತದೆ. ಅಂಥ ಗಾಯ ಎಷ್ಟೇ ಚಿಕ್ಕದಿರಲಿ, ಅದೇ ದಿನ ಡ್ರೆಸ್ಸಿಂಗ್ ಕೋಣೆಗೆ ಬಂದು ತೋರಿಸಿ.

ಗಿಡದ ಗುರುತು ಸರಿಯಾಗಿ ಸಿಗದಿದ್ದರೆ ಬೇರು, ಹೂವು ಸಮೇತ ಒಂದು ಗಿಡ ಕಿತ್ತು, ಮುಂದಿನ ಸಲ ಬರುವಾಗ ಕವರಿನಲ್ಲಿ ತನ್ನಿ. ವಾರ್ಡಿನ ಸಿಸ್ಟರ್‌ಗೆ ತೋರಿಸಿ, ಕಾಂಡ ಮುರಿದು ನೋಡಿ ಹೇಳುತ್ತೇವೆ.