ಕಕ್ಕೆ ಬೀಜಕ್ಕೆ ನೀರು ಕುಡಿಸುವುದು

ಕಕ್ಕೆ ಬೀಜವನ್ನು ರಾತ್ರಿ ನೀರಿಗೆ ಹಾಕಿದರೆ ಬೆಳಿಗ್ಗೆ ಬಹುಪಾಲು ಹಾಕಿದ ಹಾಗೆಯೇ ಸಿಗುತ್ತದೆ. ಇನ್ನೆರಡು ದಿನ ಬಿಟ್ಟರೂ ಅದೇ ಕಂದು ಹೊಳಪು, ಅದೇ ಗಟ್ಟಿತನ. ಅದೇ ರಾತ್ರಿ ನೆನೆಹಾಕಿದ ಅವರೆಕಾಳು ಮಾತ್ರ ಬೆಳಗಾಗುವಷ್ಟರಲ್ಲಿ ಹಿತಕುವ ಹದಕ್ಕೆ ಬಂದಿರುತ್ತದೆ. ಎರಡೂ ದ್ವಿದಳ ಕುಟುಂಬದವೇ. ಬೇಸಿಗೆ ಬಂತೆಂದರೆ ಹಿತ್ತಲಲ್ಲಿ ಸಸಿ ಎಬ್ಬಿಸುವ ನನ್ನಂಥವರಿಗೆ ಬೀಜೋಪಚಾರದ ಪಾಠ ಶುರುವಾಗುವುದೇ ಈ ವ್ಯತ್ಯಾಸದಿಂದ: ಗಟ್ಟಿ ಬೀಜಕ್ಕೆ ನೀರು ಸಾಲದೆ ಹೋಗುವುದಿಲ್ಲ, ಒಳಗೆ ಹೋಗಲು ದಾರಿ ಇರುವುದಿಲ್ಲ.

ಇಂಥ ಬೀಜದ ಸಿಪ್ಪೆಯಲ್ಲಿ ಉದ್ದುದ್ದನೆಯ ಕೋಶಗಳು ಸಂದಿಲ್ಲದೆ ಒತ್ತೊತ್ತಾಗಿ ನಿಂತಿರುತ್ತವೆ. ಕಾಯಿ ಬಲಿತು ಒಣಗುವ ಕೊನೆಯ ಹಂತದಲ್ಲಿ ಈ ಪದರ ಪೂರ್ತಿ ಬಿಗಿಯುತ್ತದೆ. ಬಿಗಿದ ಮೇಲೂ ಬೀಜ ಹೇಗೆ ಒಣಗುತ್ತಲೇ ಹೋಗುತ್ತದೆ ಎಂಬುದನ್ನು 1954ರಲ್ಲಿ ನ್ಯೂಜಿಲೆಂಡಿನ ಇ.ಓ.ಸಿ. ಹೈಡ್ ಕ್ಲೋವರ್ ಮತ್ತು ಲೂಪಿನ್ ಬೀಜಗಳಲ್ಲಿ ತೋರಿಸಿದರು. ಬೀಜ ಕಾಯಿಗೆ ಅಂಟಿಕೊಂಡಿದ್ದ ಜಾಗದಲ್ಲಿ ಒಂದು ಸಣ್ಣ ಸೀಳು ಇರುತ್ತದೆ. ಗಾಳಿ ಒಣಗಿದ್ದಾಗ ಅದು ತೆರೆದು ಒಳಗಿನ ತೇವವನ್ನು ಹೊರಬಿಡುತ್ತದೆ. ಹೊರಗೆ ತೇವ ಹೆಚ್ಚಿದರೆ ಮುಚ್ಚಿಕೊಳ್ಳುತ್ತದೆ. ಸೈಕಲ್ ಟ್ಯೂಬಿನ ವಾಲ್ವಿನಂತೆ ಒಮ್ಮುಖ ವ್ಯವಹಾರ.

ಹಾಗಾದರೆ ಬಿಸಿನೀರು ಮಾಡುವುದೇನು? ಸಿಪ್ಪೆಯನ್ನೆಲ್ಲ ಮೆತ್ತಗಾಗಿಸುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಸುಬಾಬುಲ್ ಬೀಜದಲ್ಲಿ ನಡೆಯುವುದು ಬೇರೆ. ಅದರ ಸಿಪ್ಪೆಯಲ್ಲಿ ಮಸೂರದಂತಹ ಅತಿ ಸಣ್ಣ ಭಾಗವೊಂದಿದೆ, ಇಡೀ ಕವಚದಲ್ಲಿ ದುರ್ಬಲ ಜಾಗ ಅದೇ. ಬಿಸಿ ತಾಗಿದಾಗ ಅಲ್ಲಿನ ಕೋಶಗಳು ಬಿರುಕು ಬಿಟ್ಟು ಕಿಂಡಿ ತೆರೆದುಕೊಳ್ಳುತ್ತದೆ. ಉಳಿದ ಸಿಪ್ಪೆ ಮೊದಲಿನಷ್ಟೇ ಭದ್ರ. ಕಿಂಡಿ ತೆರೆಯುವಷ್ಟು ಬಿಸಿ ಸಾಕು, ಅದಕ್ಕಿಂತ ಹೆಚ್ಚಾದರೆ ಒಳಗಿನ ಭ್ರೂಣ ಬೇಯುತ್ತದೆ. ಹಾಗಾಗಿಯೇ ಬೀಜ ಹಾಕಿದ ಪಾತ್ರೆಯನ್ನು ಒಲೆಯ ಮೇಲೆ ಇಡುವುದಿಲ್ಲ. ಕುದಿದ ನೀರನ್ನು ಕೆಳಗಿಳಿಸಿ, ಬೀಜ ಸುರಿದು, ಹಾಗೇ ಆರಲು ಬಿಡುವುದು ವಾಡಿಕೆ.

ಕಕ್ಕೆಗೆ ನಾನು ನೆಚ್ಚಿಕೊಂಡಿರುವುದು ನೇಲ್ ಕಟರ್.

ಬೀಜದ ಒಂದು ತುದಿಯಲ್ಲಿ, ಕಾಯಿಗೆ ಅಂಟಿಕೊಂಡಿದ್ದ ಕಡೆ, ಹೊಕ್ಕುಳಿನ ಗುರುತು ಇದೆ. ಮೊಳಕೆಯ ಬೇರು ಇರುವುದು ಆ ಬದಿಗೆ, ಆದ್ದರಿಂದ ಎದುರು ತುದಿಯಲ್ಲಿ ಒಳಗಿನ ಬಿಳಿ ಇಣುಕುವಷ್ಟು ಮಾತ್ರ ಚಿವುಟಬೇಕು. ನೀರಿಗೆ ಹಾಕಿದ ಮೇಲೆ ನೋಡಿದರೆ ಸಿಪ್ಪೆ ಮೊದಲು ಸುಕ್ಕುಗಟ್ಟುವುದು ಚಿವುಟಿದ ಜಾಗದಲ್ಲೇ. ಸುಕ್ಕು ನಿಧಾನವಾಗಿ ಹೊಕ್ಕುಳಿನ ಕಡೆಗೆ ಹರಡುತ್ತದೆ. ಮಾರನೆಯ ದಿನ ಬೀಜ ಉಬ್ಬಿ, ಹೊಳಪು ಹೋಗಿ, ಉಗುರಿಗೆ ಮೆತ್ತಗೆ ಸಿಗುತ್ತದೆ. ಬೀಜ ರಾಶಿಯಷ್ಟಿದ್ದರೆ ಒಂದೊಂದನ್ನೇ ಚಿವುಟುವುದು ಆಗದ ಮಾತು. ಆಗ ಉಪ್ಪು ಕಾಗದದ ಮೇಲೆ ಉಜ್ಜಬಹುದು. ನರ್ಸರಿಗಳಲ್ಲಿ ಗಂಧಕಾಮ್ಲವನ್ನೂ ಬಳಸುತ್ತಾರೆ, ಮನೆಯಲ್ಲಿ ಅದರ ಸಹವಾಸ ಬೇಡ.

ಕಾಡಿನಲ್ಲಿ ಈ ಕೆಲಸಕ್ಕೆ ಬೆಂಕಿ ಇದೆ, ಹಗಲು ರಾತ್ರಿಯ ಬಿಸಿ ತಂಪು ಇದೆ. ಕಕ್ಕೆಕಾಯಿಯ ಕಪ್ಪು ಸಿಹಿ ತಿರುಳಿಗೆ ಬರುವ ಕರಡಿಯ ಹಿಕ್ಕೆಯಲ್ಲೂ ಈ ಬೀಜ ಸಿಗುತ್ತದೆ. ಯಾವುದೂ ತಾಗದಿದ್ದರೆ ಬೀಜ ಸುಮ್ಮನೆ ಕಾಯುತ್ತದೆ. ಎಷ್ಟು ಕಾಲ ಎಂಬುದಕ್ಕೆ ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನಲ್ಲಿ ಒಂದು ಉದಾಹರಣೆ ಇದೆ. 1793ರಲ್ಲಿ ಚೀನಾದಿಂದ ತಂದಿದ್ದ ಬಾಗೆ ಜಾತಿಯ ಒಂದು ಮರದ ಬೀಜಗಳು 1940ರ ಬಾಂಬ್ ದಾಳಿಯ ಬೆಂಕಿ ಆರಿಸಲು ಹಾಕಿದ ನೀರಿನಲ್ಲಿ ನೆನೆದು ಮೊಳೆತವು. ಅಷ್ಟರಲ್ಲಿ ಸುಮಾರು 147 ವರ್ಷ ಕಳೆದಿತ್ತು.

ಬೇಸಾಯದ ಕಾಳುಗಳಲ್ಲಿ ಈ ಹಟ ಬಹುಮಟ್ಟಿಗೆ ಸವೆದಿದೆ. ಬಿತ್ತಿದೊಡನೆ ಮೊಳೆತದ್ದೇ ಕೊಯ್ಲಿಗೆ ಬಂದು, ಅದೇ ಮತ್ತೆ ಬೀಜವಾಗಿ, ಕಾಯುವ ಗುಣ ತಲೆಮಾರುಗಳಲ್ಲಿ ಹಿಂದೆ ಬಿತ್ತು. ಆದರೂ ಹೆಸರು, ಹುರುಳಿ ಮೊಳಕೆ ಕಟ್ಟಿದಾಗ ಬಟ್ಟೆಯೊಳಗೆ ಹಲ್ಲಿಗೆ ಕಲ್ಲಿನಂತೆ ಸಿಗುವ ನಾಲ್ಕು ಕಾಳು ಉಳಿದೇ ಇರುತ್ತವೆ.

ಹೀಗಾಗಿ ಈಗ ನೀರಿನಿಂದ ತೆಗೆದೊಡನೆ ಬೀಜ ವಿಂಗಡಿಸುತ್ತೇನೆ. ಹಿಗ್ಗಿದ್ದು ಅಂದೇ ಚೀಲದ ಮಣ್ಣಿಗೆ ಹೋಗಬೇಕು, ತಡವಾದರೆ ಕೊಳೆಯುತ್ತದೆ. ಹಿಗ್ಗದ್ದಕ್ಕೆ ಇನ್ನೊಮ್ಮೆ ಕಟರ್. ಗ್ಲಿರಿಸಿಡಿಯಕ್ಕೆ ಒಂದು ರಾತ್ರಿಯ ತಣ್ಣೀರು ಸಾಕು. ಹೊಂಗೆಗೆ ಈ ಯಾವ ಉಪಚಾರವೂ ಬೇಡ, ಬೀಜವನ್ನು ಹಾಗೇ ಊರಿದರಾಯಿತು.